ಹಿಂದಿನ ಡಬ್ಬಿಯ ಪಾಸಿಂಗ್

"ಇಂಜಿನ್ ಆರ್‌ಸಿ ಐತಿ. ಮುಂದಿನ ಡಬ್ಬಿದೂ ಐತಿ. ಹಿಂದಿನ ಡಬ್ಬಿ ಪಾಸಿಂಗ್ ಯಾರ ಹೆಸರಿನ್ಯಾಗ ಐತ್ರಿ?"

2024ರ ಆಗಸ್ಟ್ ತಿಂಗಳು. ಗಡಿಯಾಚೆಯ ಒಂದು ಸಕ್ಕರೆ ಕಾರ್ಖಾನೆಯ ಶೇತಕಿ, ಅಂದರೆ ಕೃಷಿ ವಿಭಾಗದ, ಆಫೀಸಿನಲ್ಲಿ ಕೂತಿದ್ದೆ. ಹಂಗಾಮಿಗೆ ಕಬ್ಬು ಸಾಗಿಸುವ ಕರಾರು ಮಾಡಿಕೊಳ್ಳಲು ಹೋಗಿದ್ದೆ. ಕಾಗದ ನೋಡುತ್ತಿದ್ದ ಗುಮಾಸ್ತರು ಕನ್ನಡದವರೇ. ಈ ಪ್ರಶ್ನೆ ಕೇಳಿ ನನ್ನ ಮುಖ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಕಡೆ ಟ್ರ್ಯಾಕ್ಟರ್ ಅಂದರೆ ಇಂಜಿನ್, ಟ್ರೇಲರ್ ಅಂದರೆ ಡಬ್ಬಿ, ನೋಂದಣಿ ಅಂದರೆ ಪಾಸಿಂಗ್. ನಮ್ಮೂರು ಚಿಕ್ಕೋಡಿ ತಾಲೂಕಿನ ಸದಲಗಾ ಹತ್ತಿರ. ದೂಧಗಂಗಾ ಸೇತುವೆ ದಾಟಿದರೆ ಮಹಾರಾಷ್ಟ್ರ. ಈ ದಂಡೆಯ ಕಬ್ಬು ಆ ದಂಡೆಗೆ ಹೋಗುತ್ತದೆ, ಆ ದಂಡೆಯದು ಈ ಕಡೆ ಬರುತ್ತದೆ. ಯಾವ ಕಾರ್ಖಾನೆ ಬಿಲ್ಲು ಬೇಗ ಕೊಡುತ್ತದೋ, ಯಾವುದು ಕಬ್ಬು ಕಡಿಯುವ ಗ್ಯಾಂಗ್ ಬೇಗ ಕಳಿಸುತ್ತದೋ ಅಲ್ಲಿಗೆ ಕಬ್ಬು. ಊರಿನ ಜನಕ್ಕೆ ಗಡಿ ಅನ್ನುವುದು ಒಂದು ಸೇತುವೆ ಅಷ್ಟೇ. ಆದರೆ ಗಾಡಿಯ ಕಾಗದಕ್ಕೆ ಅದು ಹಾಗಲ್ಲ. ಇದು ನನಗೆ ಸರಿಯಾಗಿ ಗೊತ್ತಾಗಲು ಮೂರು ತಿಂಗಳು ಹಿಡಿಯಿತು.

ಮುಂದಿನ ಡಬ್ಬಿಯನ್ನು ಅಪ್ಪ 2012ರಲ್ಲಿ ಹೊಸದಾಗಿ ಮಾಡಿಸಿದ್ದು. ಕೆಎ 23 ಪಾಸಿಂಗ್, ಅಪ್ಪನ ಹೆಸರು, ಕೃಷಿ ಬಳಕೆ. ಹಿಂದಿನದನ್ನು ನಾನು 2021ರಲ್ಲಿ ಇಚಲಕರಂಜಿ ಕಡೆಯ ಒಬ್ಬ ರೈತರಿಂದ 95,000 ರೂಪಾಯಿಗೆ ಕೊಂಡಿದ್ದೆ. ನಗದು ಕೊಟ್ಟೆ, ಹುಕ್ಕಿಗೆ ಹಾಕಿಕೊಂಡೆ, ಊರಿಗೆ ಬಂದೆ. ಎಂಎಚ್ 09 ನಂಬರ್ ಇತ್ತು, ಆರ್‌ಸಿ ಅವರ ಹೆಸರಲ್ಲೇ ಉಳಿದಿತ್ತು. ಮೂರು ಹಂಗಾಮು ಹಾಗೇ ಓಡಿಸಿದ್ದೆ. ಡಬ್ಬಿಗೆ ಎಂಥ ಕಾಗದ, ಅದಕ್ಕೆ ಇಂಜಿನ್ನೇ ಇಲ್ಲವಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆ ದಿನ ಗುಮಾಸ್ತರು ಕಾಗದ ವಾಪಸ್ ಕೊಟ್ಟು, "ಅಣ್ಣಾ, ಇದನ್ನ ಸರಿ ಮಾಡ್ಕೊಂಡು ಬರ್ರಿ. ಹಂಗಾಮಿಗಿನ್ನೂ ಟೈಮ್ ಐತಿ" ಅಂದರು. ಅವರು ಸುಮ್ನೆ ಒಂದು ಸಹಿ ಹಾಕಿ ಕಳಿಸಿಬಿಡಬಹುದಿತ್ತು. ಕಳಿಸಲಿಲ್ಲ. ಅವರ ಋಣ ನನ್ನ ಮೇಲಿದೆ.

ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣ ಇದೆ. ನಮ್ಮ ಸೋದರಮಾವ ಅಥಣಿ ತಾಲೂಕಿನವರು. 2017ರ ಜನವರಿಯ ಒಂದು ರಾತ್ರಿ ಅವರ ಟ್ರ್ಯಾಕ್ಟರ್ ಎರಡು ಡಬ್ಬಿ ಕಬ್ಬು ತುಂಬಿಕೊಂಡು ಹೋಗುತ್ತಿತ್ತು. ಟೈರ್ ಪಂಕ್ಚರ್ ಆಗಿ ರಸ್ತೆ ಬದಿಗೆ ನಿಂತಿತು. ಹಿಂದಿನ ಡಬ್ಬಿಗೆ ದೀಪ ಇಲ್ಲ, ರೇಡಿಯಂ ಇಲ್ಲ. ಕಬ್ಬಿನ ಸೋಗೆ ಹಿಂದಕ್ಕೆ ಜೋತುಬಿದ್ದಿತ್ತು. ಬೈಕಿನಲ್ಲಿ ಬಂದ ಹುಡುಗನಿಗೆ ಅದು ಕಾಣಲೇ ಇಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗ, ಮದುವೆ ಗೊತ್ತಾಗಿತ್ತು. ಅಲ್ಲೇ ಹೋಗಿಬಿಟ್ಟ.

ಕೇಸು ಕ್ಲೇಮ್ ಕೋರ್ಟಿಗೆ ಹೋಯಿತು. ಇಂಜಿನ್‌ಗೆ ಇನ್ಶೂರೆನ್ಸ್ ಇತ್ತು, ಮುಂದಿನ ಡಬ್ಬಿಗೂ ಇತ್ತು. ಬೈಕ್ ಬಡಿದದ್ದು ಹಿಂದಿನ ಡಬ್ಬಿಗೆ. ಅದಕ್ಕೆ ಪಾಸಿಂಗೂ ಇರಲಿಲ್ಲ, ಇನ್ಶೂರೆನ್ಸೂ ಇರಲಿಲ್ಲ. ಕೊನೆಗೆ ಕಂಪನಿ ಮೊದಲು ಹಣ ಕಟ್ಟಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆಯಿತು. ಮಾಮಾ 30 ಗುಂಟೆ ಹೊಲ ಮಾರಿದರು. ಹೊಲ ಹೋದದ್ದಕ್ಕೆ ಅವರು ಅಷ್ಟಾಗಿ ಅಳಲಿಲ್ಲ. ಆ ಹುಡುಗನ ತಾಯಿ ಕೋರ್ಟಿನ ಕಟ್ಟೆ ಮೇಲೆ ಕೂತಿರುತ್ತಿದ್ದಳಂತೆ, ಅದನ್ನು ಹೇಳುವಾಗ ಈಗಲೂ ಅಳುತ್ತಾರೆ.

ಇದೆಲ್ಲ ಗೊತ್ತಿದ್ದೂ ನಾನು ಮೂರು ವರ್ಷ ಸುಮ್ಮನಿದ್ದೆ. ಶೇತಕಿ ಆಫೀಸಿನಿಂದ ಬಂದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಚಿಕ್ಕೋಡಿಗೆ ಹೋದೆ. ಅಪ್ಪನ ಪರಿಚಯದ ವಕೀಲರೊಬ್ಬರಿದ್ದಾರೆ, ನಾವು ಕಾಕಾ ಅಂತಲೇ ಕರೆಯುತ್ತೇವೆ. ಅವರು ಮೋಟಾರು ವಾಹನ ಕಾಯ್ದೆಯ ಪುಸ್ತಕ ತೆಗೆದು ಮುಂದಿಟ್ಟರು. "ನೋಡಪ್ಪಾ, ನೀನು ಓಡಿಸೋದು ಒಂದು ಗಾಡಿ ಅಂತ ತಿಳ್ಕೊಂಡೀದಿ. ಕಾಯ್ದೆ ಪ್ರಕಾರ ಅವು ಮೂರು ಗಾಡಿ" ಅಂದರು.

1988ರ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಇಂಜಿನ್ ಇಲ್ಲದಿದ್ದರೂ ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್, ಬೇರೆ ಇನ್ಶೂರೆನ್ಸ್. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುವುದಿಲ್ಲ, ಚಾಸಿ ನಂಬರ್ ಮಾತ್ರ. ಕಾಕಾ 61ನೇ ಕಲಮು ಓದಿ ಹೇಳಿದರು. ಟ್ರೇಲರ್‌ನ ಸ್ವಂತ ನಂಬರ್ ಅದರ ಪಕ್ಕದಲ್ಲಿ ಬರೆದಿರಬೇಕು. ಅದನ್ನು ಎಳೆಯುವ ಟ್ರ್ಯಾಕ್ಟರಿನ ನಂಬರ್ ಕೂಡ ಟ್ರೇಲರ್ ಮೇಲೆ ಇರಬೇಕು. ಒಂದಕ್ಕಿಂತ ಜಾಸ್ತಿ ಟ್ರೇಲರ್ ಇದ್ದರೆ ಎಲ್ಲಕ್ಕಿಂತ ಹಿಂದಿನದರ ಮೇಲೆ ಇರಬೇಕು.

ಇದು ನನಗೆ ಗೊತ್ತೇ ಇರಲಿಲ್ಲ. ಆದರೆ ಕೇಳಿದ ಕೂಡಲೇ ಅರ್ಥ ಆಯಿತು. ಹಿಂದಿನಿಂದ ಬರುವವನಿಗೆ ಕಾಣುವುದು ಕೊನೆಯ ಡಬ್ಬಿ ಒಂದೇ ಅಲ್ವಾ? ಏನಾದರೂ ಆದರೆ ಅವನಿಗೆ ಟ್ರ್ಯಾಕ್ಟರಿನ ನಂಬರ್ ಸಿಗುವುದು ಅಲ್ಲಿ ಬರೆದಿದ್ದರೆ ಮಾತ್ರ.

ಆಮೇಲೆ ಕಾಕಾ ನನ್ನ ಎಂಎಚ್ ಡಬ್ಬಿಯ ವಿಷಯಕ್ಕೆ ಬಂದರು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಉಳಿದರೆ ಇಲ್ಲಿನ ನಂಬರ್ ತೆಗೆದುಕೊಳ್ಳಬೇಕು, ಅದು 47ನೇ ಕಲಮು. ಬೇರೆ ರಾಜ್ಯದವರಿಗೆ ಮಾರಿದರೆ ಮಾರಿದವರು 45 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ. ಎರಡೂ ಗಡುವು ಮುಗಿದು ಮೂರು ವರ್ಷ ಆಗಿತ್ತು. ಕಾಕಾ ಒಂದು ಚೀಟಿಯಲ್ಲಿ ಫಾರ್ಮ್ ನಂಬರುಗಳನ್ನು ಬರೆದುಕೊಟ್ಟರು: 35, 28, 29, 30, 27. ಇದೇ ಕ್ರಮದಲ್ಲಿ ಹೋಗು, ಒಂದನ್ನು ಬಿಟ್ಟರೆ ಮುಂದಿನದು ಆಗೋದಿಲ್ಲ ಅಂದರು. ಆ ಚೀಟಿ ಈಗಲೂ ನನ್ನ ಮೊಬೈಲ್ ಕವರಿನ ಒಳಗಿದೆ.

ಮೊದಲ ತೊಂದರೆ ಮೊದಲ ನಂಬರಿನಲ್ಲೇ ಎದುರಾಯಿತು. ಡಬ್ಬಿ ಮಾರಿದ ದಾದಾ ಅದನ್ನು ಮಾಡಿಸುವಾಗ ಒಂದು ಪತಸಂಸ್ಥೆಯಲ್ಲಿ, ಅಂದರೆ ಪತ್ತಿನ ಸಹಕಾರಿ ಸಂಘದಲ್ಲಿ, ಸಾಲ ಮಾಡಿದ್ದರು. ಸಾಲ ತೀರಿ ಎಷ್ಟೋ ವರ್ಷ ಆಗಿತ್ತು, ಆದರೆ ಆರ್‌ಸಿ ಮೇಲೆ ಎಚ್‌ಪಿ, ಅಂದರೆ ಸಾಲ ಕೊಟ್ಟವರ ಹಕ್ಕಿನ ನಮೂದು, ಹಾಗೇ ಉಳಿದಿತ್ತು. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಸಾಲದ ಬೋಜಾ ಇಳಿಸದೆ ಬಿಟ್ಟಂತೆ. ಎಚ್‌ಪಿ ತೆಗೆಸದೆ ಎನ್‌ಒಸಿ ಸಿಗುವುದಿಲ್ಲ. ದಾದಾ ಒಳ್ಳೆಯವರು. ಬೇರೆಯವರಾಗಿದ್ದರೆ ಗಾಡಿ ಕೊಟ್ಟಾಯಿತು, ದುಡ್ಡು ತಗೊಂಡಾಯಿತು, ನಿನ್ನ ಪಾಡು ನಿನಗೆ ಅನ್ನುತ್ತಿದ್ದರು. ಇವರು ಎರಡು ದಿನದ ಕೆಲಸ ಬಿಟ್ಟು ನನ್ನ ಜೊತೆ ಪತಸಂಸ್ಥೆಗೆ ಬಂದರು. ಸಾಲ ತೀರಿದ ಪತ್ರ ಬರೆಸಿ, ಫಾರ್ಮ್ 35ರ ಮೇಲೆ ಸಿಕ್ಕಾ (ಮೊಹರು) ಹಾಕಿಸಿ ಕೊಟ್ಟರು. ಅವರಿಗೂ ಇದರಲ್ಲಿ ಲಾಭ ಇತ್ತು ಅನ್ನುವುದು ಆಮೇಲೆ ಹೊಳೆಯಿತು. ಕಾಗದದಲ್ಲಿ ಡಬ್ಬಿ ಇನ್ನೂ ಅವರದೇ. ನನ್ನ ಕೈಯಲ್ಲಿ ಏನಾದರೂ ಆಗಿದ್ದರೆ ನೋಟಿಸ್ ಹೋಗುತ್ತಿದ್ದದ್ದು ಅವರ ಮನೆಗೆ.

ಎನ್‌ಒಸಿ ಅಂದರೆ ಫಾರ್ಮ್ 28. ಈ ರಾಜ್ಯದಲ್ಲಿ ಈ ಗಾಡಿಯ ತೆರಿಗೆ ಬಾಕಿ ಇಲ್ಲ, ಕಳವಿನ ಕೇಸಿಲ್ಲ, ಬೇರೆ ರಾಜ್ಯಕ್ಕೆ ಹೋಗಬಹುದು ಅನ್ನುವ ಪತ್ರ. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಹೇಳಲು ಎರಡು ನಿಮಿಷದ ಕೆಲಸ. ನಮಗೆ ಅರ್ಧ ದಿನ ಬೇಕಾಯಿತು.

ಚಾಸಿ ನಂಬರ್ ಇರುವುದು ಮುಂಭಾಗದ ಕಬ್ಬಿಣದ ಪಟ್ಟಿಯ ಮೇಲೆ, ಹುಕ್ಕಿನ ಹತ್ತಿರ. ಅಲ್ಲಿ ಎಷ್ಟೋ ವರ್ಷದ ಗ್ರೀಸು, ಕೆಸರು, ಅದರ ಮೇಲೆ ಮೂರು ಸಲ ಹೊಡೆದ ಬಣ್ಣ. ತಮ್ಮ ಸೀಮೆಎಣ್ಣೆ ಹಚ್ಚಿ ಒರೆಸಿದ. ನಾನು ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದೆ. ಮೊದಲು ಕೆಂಪು ಬಣ್ಣ ಹೋಯಿತು, ಆಮೇಲೆ ಹಸಿರು, ಆಮೇಲೆ ತುಕ್ಕಿನ ಪುಡಿ. ಒಂದೊಂದೇ ಅಂಕಿ ಮೇಲೆ ಬಂತು. ತೆಳ್ಳನೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿದರೆ ನಂಬರ್ ಕಾಗದದ ಮೇಲೆ ಮೂಡಿತು. ಆರ್‌ಸಿಯಲ್ಲಿ ಕೊನೆಯ ಅಂಕಿ 8. ನಮ್ಮ ಕಾಗದದಲ್ಲಿ ಮೂಡಿದ್ದು 3.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂಕಿ ಬೇರೆ ಅಂದರೆ ಡಬ್ಬಿಯೇ ಬೇರೆ ಅಂತ ಅರ್ಥ. ಕಳವಿನದು ಅನ್ನುವ ಅನುಮಾನವೂ ಬರಬಹುದು. ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಅವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಏನಾತೋ ಅಂತ ಎದ್ದು ಬಂದಳು. ವಿಷಯ ಕೇಳಿ, "ತಾಮ್ರದ ಕೊಡ ತಿಕ್ಕೋದು ಹುಣಸೆಹಣ್ಣಿಲೇ, ಬರೇ ಕೈಲೇ ಅಲ್ಲ" ಅಂತ ಒಳಗೆ ಹೋಗಿ ಹುಣಸೆಹಣ್ಣು, ಉಪ್ಪು ತಂದಳು. ಹುಳಿ ಹಚ್ಚಿ ಹತ್ತು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ತಿಕ್ಕಿದಳು. ಅಂಕಿಯ ಎಡಭಾಗದ ಗೆರೆಯಲ್ಲಿ ತುಕ್ಕು ಗಟ್ಟಿಯಾಗಿ ಕೂತಿತ್ತು. ಅದು ಎದ್ದು ಬಂದ ಮೇಲೆ ಮತ್ತೆ ಪೆನ್ಸಿಲ್ ತಿಕ್ಕಿದೆ. 8.

ಆ ಪ್ರಿಂಟ್ ಆರು ಪ್ರತಿ ತೆಗೆದಿಟ್ಟುಕೊಂಡೆ. ಎಲ್ಲ ಕಡೆ ಕೇಳುತ್ತಾರೆ, ಮೊದಲೇ ಜಾಸ್ತಿ ತೆಗೆದಿಟ್ಟುಕೊಳ್ಳಿ.

ಎನ್‌ಒಸಿ ಕೈಗೆ ಬರಲು ನಾಲ್ಕು ಸಲ ಓಡಾಡಿದೆ. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಾಹೇಬರಿಲ್ಲ. ತಡ ಮಾಡಿದ್ದಕ್ಕೆ ತಿಂಗಳ ಲೆಕ್ಕದಲ್ಲಿ ದಂಡ ಬಿತ್ತು. ಒಬ್ಬ ಏಜೆಂಟ್ ಎರಡೂ ರಾಜ್ಯದ ಕೆಲಸ ಮಾಡಿಸಿ ಕೊಡುತ್ತೇನೆ, 14,000 ಕೊಡಿ ಅಂದ. ಕೊಡಲಿಲ್ಲ. ದುಡ್ಡಿನ ಮಾತಲ್ಲ. ಯಾವ ಕಾಗದದಲ್ಲಿ ಏನಿದೆ ಅಂತ ಈ ಸಲ ನನಗೇ ತಿಳಿಯಬೇಕಿತ್ತು.

ಈ ಕಡೆಯ ಆರ್‌ಟಿಓದಲ್ಲಿ ಫಾರ್ಮ್ 29, 30 ಹೆಸರು ಬದಲಾವಣೆಗೆ, ಫಾರ್ಮ್ 27 ಹೊಸ ನಂಬರಿಗೆ. ಇಲ್ಲಿನ ತೆರಿಗೆ ಇಲ್ಲೇ ಕಟ್ಟಬೇಕು. ಆ ರಾಜ್ಯದಲ್ಲಿ ಕಟ್ಟಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ. ಆಮೇಲೆ ಡಬ್ಬಿ ತೋರಿಸಬೇಕು. ಖಾಲಿ ಡಬ್ಬಿ ಎಳೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದೆ.

ಬ್ರೇಕ್ ಇನ್‌ಸ್ಪೆಕ್ಟರ್ ಅಂದರೆ ನಮ್ಮ ಜನಕ್ಕೆ ಹೆದರಿಕೆ. ಬಂದವರು ಹೆಣ್ಣುಮಗಳು, ವಯಸ್ಸು ಮೂವತ್ತು ಮುಟ್ಟಿರಲಿಕ್ಕಿಲ್ಲ. ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದರು. ಹುಕ್ಕಿನ ಪಿನ್ ಕೈಯಿಂದ ಎತ್ತಿ ನೋಡಿದರು. "ಇದಕ್ಕ ಲಾಕ್ ಎಲ್ಲೈತ್ರಿ? ತಗ್ಗಿನ್ಯಾಗ ಜಿಗದ್ರ ಪಿನ್ ಮ್ಯಾಲೆ ಬರೂದಿಲ್ಲೇನು?" ಅಂದರು. ನಾವು ತಂತಿ ಸುತ್ತುತ್ತಿದ್ದೆವು. ಲಾಕ್ ಹಾಕಿಸಿ, ಬ್ರೇಕ್ ಸರಿ ಮಾಡಿಸಿ, ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿಸಿ, ದೀಪದ ವೈರ್ ಇಂಜಿನ್‌ನಿಂದ ಹಿಂದಿನ ಡಬ್ಬಿಯವರೆಗೆ ಎಳೆಸಿ ಮುಂದಿನ ವಾರ ಬನ್ನಿ ಅಂದರು. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಎರಡು ಡಬ್ಬಿ ತುಂಬಿ ಸೇತುವೆಯ ಇಳಿಜಾರಿಗೆ ಇಳಿಯುವಾಗ ಹಿಂದಿನಿಂದ ಬರುವ ನೂಕು ಎಂಥದ್ದು ಅನ್ನುವುದು ಸ್ಟೇರಿಂಗ್ ಹಿಡಿದವನಿಗೇ ಗೊತ್ತು. ಇಂಜಿನ್ ನಿಲ್ಲುತ್ತೇನೆ ಅನ್ನುತ್ತದೆ, ಡಬ್ಬಿ ನಿಲ್ಲಲ್ಲ ಅನ್ನುತ್ತದೆ.

ನೇರವಾಗಿ ವೆಲ್ಡಿಂಗ್ ಅಂಗಡಿಗೆ ಹೋದೆ. ಮೇಸ್ತ್ರಿ ನಾಲ್ಕು ದಿನ ತೆಗೆದುಕೊಂಡರು. ರೇಡಿಯಂ ಪಟ್ಟಿಯನ್ನು ನಾನೇ ಅಂಟಿಸಿದೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಹೋಗಲಿ ಅಂತ ಮುಂದಿನ ಡಬ್ಬಿಗೂ ಹಚ್ಚಿದೆ. ಅಂಟಿಸುವ ಮೊದಲು ಕಬ್ಬಿಣ ಚೆನ್ನಾಗಿ ಒರೆಸಿ ಒಣಗಿಸಬೇಕು. ಧೂಳಿನ ಮೇಲೆ ಅಂಟಿಸಿದ ಪಟ್ಟಿ ಎಂಟು ದಿನವೂ ನಿಲ್ಲುವುದಿಲ್ಲ.

ಉದ್ದವನ್ನೂ ಅಳೆದೆವು. ಟ್ರ್ಯಾಕ್ಟರ್, ಟ್ರೇಲರ್ ಸೇರಿ ಎಷ್ಟು ಉದ್ದ ಇರಬಹುದು ಅನ್ನುವುದಕ್ಕೆ ಕೇಂದ್ರದ ನಿಯಮ ಇದೆ. ತಮ್ಮ ಇಂಜಿನ್ ಮೂತಿಯಿಂದ ಟೇಪ್ ಹಿಡಿದ, ನಾನು ಹಿಂದಿನ ಡಬ್ಬಿಯ ಕೊನೆಗೆ ನಿಂತೆ. 51 ಅಡಿ ಬಂತು, ಮಿತಿಯ ಒಳಗೇ. ಕಬ್ಬು ಹಿಂದಕ್ಕೆ ಚಾಚದಂತೆ ತುಂಬಿದರೆ ಯಾವ ತೊಂದರೆಯೂ ಇಲ್ಲ.

ಅಕ್ಟೋಬರ್ ಕೊನೆಗೆ ಕೆಎ 23 ನಂಬರ್ ಬಂತು. ಕೆಲಸ ಮುಗಿಯಿತು ಅಂದುಕೊಂಡೆ. ಕಾಕಾಗೆ ಪೇಡೆ ಕೊಡಲು ಹೋದರೆ ಅವರು ಇನ್ನೊಂದು ಮಾತು ಎತ್ತಿದರು.

"ನೀನು ನಿನ್ನ ಕಬ್ಬು ಒಂದೇ ಒಯ್ತೀಯೋ, ಮಂದಿದೂ ಒಯ್ತೀಯೋ?"

ಕರಾರು ಅಂದ ಮೇಲೆ ಎಲ್ಲರದೂ ಒಯ್ಯಬೇಕು. ಟನ್ನಿನ ಲೆಕ್ಕದಲ್ಲಿ ಬಾಡಿಗೆ. ಅಲ್ಲಿಗೆ ಅದು ಕೃಷಿ ಬಳಕೆ ಆಗಲಿಲ್ಲ ಅಂದರು ಕಾಕಾ. ನಿಯಮದಲ್ಲಿ ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನ ಅಲ್ಲ. ಆದರೆ ಟ್ರೇಲರ್ ಹಚ್ಚಿ ಬಾಡಿಗೆಗೆ ಮಾಲು ಹೊತ್ತರೆ ಮಾತು ಬೇರೆ. 2005ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸೇರಿದರೆ ಅದು ಸರಕು ವಾಹನ, ಅದಕ್ಕೆ ಪರ್ಮಿಟ್ ಬೇಕು ಅಂತ ಹೇಳಿದೆ. ನಮ್ಮಲ್ಲಿ ಎಷ್ಟು ಜನ ಇದನ್ನು ಪಾಲಿಸುತ್ತಾರೆ ಅಂತ ಕೇಳಬೇಡಿ. ಏನೂ ಆಗದಿರುವವರೆಗೆ ಯಾರೂ ಕೇಳುವುದಿಲ್ಲ. ಆದ ಮೇಲೆ ಕಂಪನಿಯ ವಕೀಲರು ಮೊದಲು ಎತ್ತುವ ಪ್ರಶ್ನೆ ಇದೇ. ಕೃಷಿಗೆ ಅಂತ ಇನ್ಶೂರೆನ್ಸ್ ತೆಗೆದುಕೊಂಡು ಬಾಡಿಗೆಗೆ ಓಡಿಸಿದ್ದೀರಿ ಅನ್ನುತ್ತಾರೆ.

ಮನೆಯಲ್ಲಿ ಎರಡು ದಿನ ಚರ್ಚೆ ಆಯಿತು. ಬಾಡಿಗೆ ಬಳಕೆಗೆ ಬದಲಾಯಿಸಿದರೆ ತೆರಿಗೆ ಬೇರೆ, ಫಿಟ್‌ನೆಸ್ ಬೇರೆ. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್. ನಮ್ಮ ಡಬ್ಬಿಗಳು ಹಳೆಯವು, ಹಾಗಾಗಿ ಪ್ರತಿ ವರ್ಷ. ಅಪ್ಪ, "ಎಲ್ಲಾರೂ ಹಂಗ ಓಡಸ್ತಾರ" ಅಂದರು. ಹೆಂಡತಿ ಒಂದೇ ಮಾತು ಹೇಳಿದಳು: "ಮಾಮಾನೂ ಹಂಗ ಓಡಿಸಿದ್ರಲ್ರಿ." ಆಮೇಲೆ ಅಪ್ಪ ಏನೂ ಹೇಳಲಿಲ್ಲ. ಮರುದಿನ ಅವರೇ ಸಹಿ ಹಾಕಲು ಬಂದರು.

ಗಡಿ ದಾಟುವ ಪರ್ಮಿಟ್ ವಿಷಯದಲ್ಲಿ ಕಾಕಾ ಎರಡು ದಾರಿ ಹೇಳಿದರು. ಒಂದು ನ್ಯಾಷನಲ್ ಪರ್ಮಿಟ್. ವರ್ಷಕ್ಕೆ 16,500 ರೂಪಾಯಿ ಕಟ್ಟಿದರೆ ದೇಶದ ಎಲ್ಲ ಕಡೆ ಓಡಬಹುದು. ಊರೂರು ತಿರುಗುವ ಲಾರಿಗೆ ಅದು ಸರಿ. ಇಪ್ಪತ್ತೈದು ಕಿಲೋಮೀಟರ್ ಆಚೆಯ ಕಾರ್ಖಾನೆಗೆ ಹೋಗಿಬರುವ ಟ್ರ್ಯಾಕ್ಟರಿಗೆ ಅದು ಯಾಕೆ? ಇನ್ನೊಂದು 87ನೇ ಕಲಮಿನ ತಾತ್ಕಾಲಿಕ ಪರ್ಮಿಟ್. ಯಾವ್ಯಾವ ಕಾರಣಕ್ಕೆ ಅದನ್ನು ಕೊಡಬಹುದು ಅಂತ ಆ ಕಲಮಿನಲ್ಲಿ ಪಟ್ಟಿ ಇದೆ. ಜಾತ್ರೆಗೆ ಜನ ಒಯ್ಯಲು ಅನ್ನುವುದು ಮೊದಲನೆಯದು, ಹಂಗಾಮಿನ ವ್ಯಾಪಾರಕ್ಕೆ ಅನ್ನುವುದು ಎರಡನೆಯದು. ಗರಿಷ್ಠ ಅವಧಿ ನಾಲ್ಕು ತಿಂಗಳು. ಕಬ್ಬಿನ ಹಂಗಾಮೂ ಸುಮಾರು ಅಷ್ಟೇ. ನಮ್ಮ ಕಸುಬನ್ನು ನೋಡಿಯೇ ಬರೆದಿದ್ದಾರೋ ಅನ್ನಿಸಿತು. ಇನ್ನೊಂದು ರಾಜ್ಯದಲ್ಲಿ ಅದು ನಡೆಯಬೇಕಾದರೆ ಆ ಕಡೆಯ ಸಾರಿಗೆ ಪ್ರಾಧಿಕಾರದ ಒಪ್ಪಿಗೆ ಬೇಕು, ಅದು 88ನೇ ಕಲಮು. ಒಪ್ಪಿಗೆ ಬರಲು ತಡ ಆಯಿತು, ಆದರೆ ಬಂತು.

ಇನ್ಶೂರೆನ್ಸ್ ವಿಷಯದಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಏಜೆಂಟ್ ಮೊದಲು ತಂದ ಪಾಲಿಸಿಯಲ್ಲಿ ಟ್ರ್ಯಾಕ್ಟರ್ ನಂಬರ್ ಒಂದೇ ಇತ್ತು. "ಡಬ್ಬಿ ಅದರಾಗ ಬರ್ತಾವ ಬಿಡ್ರಿ" ಅಂದ. ಬರುವುದಿಲ್ಲ. ಪಾಲಿಸಿಯಲ್ಲಿ ಎರಡೂ ಟ್ರೇಲರ್‌ನ ನಂಬರ್, ಚಾಸಿ ನಂಬರ್ ಬರೆದಿರಬೇಕು. ಪ್ರತಿಯೊಂದಕ್ಕೂ ಬೇರೆ ಪ್ರೀಮಿಯಂ ಕಟ್ಟಿದ್ದು ಕಾಣಬೇಕು. ಬಳಕೆ ಬಾಡಿಗೆ ಅಂತ ಇರಬೇಕು. ಮೂರು ಸಲ ತಿದ್ದಿಸಿದೆ. ನಾಲ್ಕನೆಯ ಸಲ ಸರಿಯಾದದ್ದು ಬಂತು. ಹುಣಸೆಹಣ್ಣು ಹಚ್ಚಿ ಹುಡುಕಿದ ಆ 8 ಅಲ್ಲಿ ಅಚ್ಚಾಗಿತ್ತು.

ಇನ್ನೊಂದು ಮಾತು. ಟ್ರ್ಯಾಕ್ಟರಿಗೆ ಸೀಟು ಒಂದೇ, ಅದು ಚಾಲಕನದು. ಮಡ್‌ಗಾರ್ಡ್ ಮೇಲೆ ಕೂತವರು, ಕಬ್ಬಿನ ಮೇಲೆ ಮಲಗಿದವರು ಬಿದ್ದರೆ ಪಾಲಿಸಿ ಅವರ ಕೈ ಹಿಡಿಯುವುದು ಕಷ್ಟ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುವ ಕಟಾವು ಗ್ಯಾಂಗಿನವರು ಹೆಂಡತಿ ಮಕ್ಕಳ ಸಮೇತ ಡಬ್ಬಿ ಹತ್ತಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಅವರಿಗೆ ಬೇರೆ ದಾರಿ ಇಲ್ಲ, ನಿಜ. ಆ ವರ್ಷ ನಾನು ಅವರಿಗೆ ಒಂದು ಟೆಂಪೋ ಮಾಡಿಕೊಟ್ಟೆ. ಗ್ಯಾಂಗಿನ ಮುಖ್ಯಸ್ಥ ಮುಕಾದಮರಿಗೆ ಆಶ್ಚರ್ಯ ಆಯಿತು. ಅವರ ಗ್ಯಾಂಗಿನಲ್ಲಿ ಎರಡು ವರ್ಷದ ಕೂಸೊಂದಿತ್ತು.

ಚಾಲಕ ನನ್ನ ತಮ್ಮನೇ. ಡಬ್ಬಿ ಹಚ್ಚಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸ್ ಕೆಲಸಕ್ಕೆ ಬಾರದೆ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ನಮ್ಮ ಓಡಾಟ ನಡೆದಿರುವಾಗಲೇ, 2024ರ ನವೆಂಬರ್ 6ರಂದು, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾರಿಗೆ ವಾಹನ ಓಡಿಸಬಹುದು ಅಂತ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪೂ ಬಂತು. ಕಾಕಾ ಪೇಪರ್ ಕಟ್ಟಿಂಗ್ ಫೋಟೋ ಕಳಿಸಿದ್ದರು.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಇಂಜಿನ್, ಎರಡು ಡಬ್ಬಿ ಎಲ್ಲ ಸೇರಿ ನನಗೆ 62,000 ಆಯಿತು. ಇದರಲ್ಲಿ ಸರ್ಕಾರಕ್ಕೆ ಕಟ್ಟಿದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಇನ್ಶೂರೆನ್ಸ್, ಬ್ರೇಕ್, ವೆಲ್ಡಿಂಗ್, ವೈರಿಂಗ್, ಓಡಾಟ. 2021ರಲ್ಲೇ ಕಾಗದ ಮಾಡಿಸಿದ್ದರೆ ದಂಡದ ದುಡ್ಡು ಉಳಿಯುತ್ತಿತ್ತು. ಹಳೆಯ ಡಬ್ಬಿ ಬೇರೆ ರಾಜ್ಯದಿಂದ ಅಗ್ಗಕ್ಕೆ ಸಿಗುತ್ತದೆ ಅಂತ ತರುವವರು ಎನ್‌ಒಸಿ ಕೈಗೆ ಬಂದ ಮೇಲೆ ಪೂರ್ತಿ ದುಡ್ಡು ಕೊಡಿ. ಅಲ್ಲಿಯವರೆಗೆ ಅರ್ಧ ಹಣ ತಡೆಹಿಡಿಯಿರಿ. ನಾನು ಮಾಡದೇ ಇದ್ದ ಕೆಲಸ ಅದು.

ತೂಕದ ಮಾತು ಮಾತ್ರ ನನಗೆ ಇನ್ನೂ ಸಮಾಧಾನ ಕೊಟ್ಟಿಲ್ಲ. ಪ್ರತಿ ಡಬ್ಬಿಯ ಆರ್‌ಸಿಯಲ್ಲೂ ಎಷ್ಟು ತೂಕ ಹೊರಬಹುದು ಅಂತ ಬರೆದಿರುತ್ತದೆ. ಹೊಲದಲ್ಲಿ ತುಂಬುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಮುಂಚೆ ನಾವು ಎರಡು ಡಬ್ಬಿಗೆ 22 ಟನ್ ತುಂಬಿದ್ದೂ ಇದೆ. ಕಾರ್ಖಾನೆಯ ಕಾಟಾ (ತೂಕದ) ಚೀಟಿಯೇ ಸಾಕ್ಷಿ. 2019ರ ತಿದ್ದುಪಡಿ ಆದ ಮೇಲೆ ಹೆಚ್ಚು ಭಾರಕ್ಕೆ ಕೇಂದ್ರದ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000, ಮೇಲೆ ಇಳಿಸುವ ಖರ್ಚು. ಆದರೂ ತುಂಬುತ್ತಾರೆ, ಯಾಕಂದರೆ ಬಾಡಿಗೆ ಸಿಗುವುದು ಟನ್ನಿನ ಲೆಕ್ಕದಲ್ಲಿ. ಡೀಸೆಲ್, ಗ್ಯಾಂಗಿನ ಮುಂಗಡ, ಬ್ಯಾಂಕಿನ ಕಂತು ಎಲ್ಲವೂ ಆ ಟನ್ನಿನಲ್ಲೇ ಹುಟ್ಟಬೇಕು. ನಾವು ಆ ಹಂಗಾಮಿನಲ್ಲಿ ತೂಕ ಇಳಿಸಿದೆವು, ಖೇಪು (ಟ್ರಿಪ್ಪು) ಹೆಚ್ಚಿಸಿದೆವು. ಲಾಭ ಕಡಿಮೆ ಆಯಿತು. ಕಡಿಮೆ ತುಂಬಿದವನಿಗೂ ಬದುಕಲು ಆಗುವ ದರ ಸಿಗುವವರೆಗೆ ರಸ್ತೆ ಮೇಲೆ ಈ ಭಾರ ಇಳಿಯುವುದಿಲ್ಲ. ಇದನ್ನು ಕಾರ್ಖಾನೆಯವರ ಮುಂದೆಯೂ ಹೇಳಿದ್ದೇನೆ.

ಆ ವರ್ಷ ಮಹಾರಾಷ್ಟ್ರದಲ್ಲಿ ನವೆಂಬರ್ 20ಕ್ಕೆ ವಿಧಾನಸಭೆ ಚುನಾವಣೆ. ಓಟು ಹಾಕಿಯೇ ಬರುತ್ತೇವೆ ಅಂದರು ಗ್ಯಾಂಗಿನವರು. ನಮ್ಮ ಮೊದಲ ಖೇಪು ಹೊರಟಾಗ ತಿಂಗಳ ಕೊನೆ. ರಾತ್ರಿ ಹತ್ತೂವರೆ. ತಮ್ಮ ಓಡಿಸುತ್ತಿದ್ದ, ನಾನು ಬೈಕಿನಲ್ಲಿ ಹಿಂದೆ. ಹೊಳೆಯ ಮೇಲೆ ಮಂಜು. ದೊಡ್ಡ ಸ್ಪೀಕರ್ ಹಾಕಿಸುತ್ತೇನೆ ಅಂತ ತಮ್ಮ ಹಟ ಹಿಡಿದಿದ್ದ, ನಾನು ಬಿಟ್ಟಿರಲಿಲ್ಲ. ಹಿಂದಿನವನ ಹಾರ್ನ್ ಕೇಳಬೇಕಲ್ವಾ.

ಸೇತುವೆ ಇಳಿದ ಮೇಲೆ ತಪಾಸಣೆ ಇತ್ತು. ಒಬ್ಬರು ಕೈ ಅಡ್ಡ ಹಿಡಿದರು. ಬ್ಯಾಟರಿ ಹಚ್ಚಿಕೊಂಡು ಇಂಜಿನ್ ದಾಟಿ, ಮುಂದಿನ ಡಬ್ಬಿ ದಾಟಿ, ಸೀದಾ ಕೊನೆಗೆ ಬಂದರು. ಕೆಂಪು ರೇಡಿಯಂ ಬೆಳಗಿತು. ಅದರ ಕೆಳಗೆ ಇಂಜಿನ್ ನಂಬರ್, ಪಕ್ಕದಲ್ಲಿ ಡಬ್ಬಿಯ ನಂಬರ್. ಎರಡನ್ನೂ ತುಟಿ ಅಲ್ಲಾಡಿಸುತ್ತ ಓದಿದರು. ಪೇಪರ್ ಕೇಳಿದರು. ಹೆಂಡತಿ ಮೂರು ಖಾನೆಯ ಪ್ಲಾಸ್ಟಿಕ್ ಫೈಲು ಮಾಡಿಕೊಟ್ಟಿದ್ದಳು. ಇಂಜಿನ್‌ಗೆ ಒಂದು ಖಾನೆ, ಎರಡು ಡಬ್ಬಿಗೆ ಒಂದೊಂದು. ಮೂರನ್ನೂ ತಿರುವಿ ನೋಡಿ ವಾಪಸ್ ಕೊಟ್ಟು, ಸಾವಕಾಶ ಹೋಗಿ ಅಂತ ಮರಾಠಿಯಲ್ಲಿ ಹೇಳಿದರು.

ಕಾರ್ಖಾನೆಯ ಅಂಗಳ ಮುಟ್ಟಿದಾಗ ನಮ್ಮ ಮುಂದೆ ನೂರಕ್ಕಿಂತ ಜಾಸ್ತಿ ಗಾಡಿ. ಕಾಟಾಕ್ಕೆ ನಂಬರ್ ಬರಲು ಬೆಳಗಾಗಬೇಕು. ನಮ್ಮ ಹಿಂದೆ ರಾಯಬಾಗ ಕಡೆಯ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಹುಡುಗ ಇಳಿದು ಬಂದು ನಮ್ಮ ಹಿಂದಿನ ಡಬ್ಬಿಯನ್ನೇ ನೋಡುತ್ತ ನಿಂತ. "ಅಣ್ಣಾ, ಇಂಜಿನ್ ನಂಬರ್ ಇಲ್ಲ್ಯಾಕ ಬರಸೀರಿ?" ಅಂದ. ಹೇಳಿದೆ. ಅವನ ಹಿಂದಿನ ಡಬ್ಬಿಗೆ ನಂಬರೂ ಇಲ್ಲ, ರೇಡಿಯಂ ಕೂಡ ಇಲ್ಲ. ಬೆಳಿಗ್ಗೆ ಖಾಲಿ ಮಾಡಿಕೊಂಡು ವಾಪಸ್ ಹೋಗಿ, ಸಂಜೆ ಮತ್ತೆ ತುಂಬಿಕೊಂಡು ಬರಬೇಕಿತ್ತು ಅವನು.

ಸೀಟಿನ ಕೆಳಗೆ ಅರ್ಧ ಸುರುಳಿ ಕೆಂಪು ಪಟ್ಟಿ ಉಳಿದಿತ್ತು. ತಮ್ಮ ಬ್ಲೇಡ್ ತಂದ. ಹುಡುಗ ತನ್ನ ಟವೆಲ್‌ನಿಂದ ಡಬ್ಬಿಯ ಹಿಂಭಾಗ ಒರೆಸಿದ. ಮಂಜಿಗೆ ಕಬ್ಬಿಣ ಒದ್ದೆಯಾಗಿತ್ತು, ಎರಡು ಸಲ ಒರೆಸಬೇಕಾಯಿತು. ಎಡಕ್ಕೊಂದು, ಬಲಕ್ಕೊಂದು, ಅಡ್ಡಕ್ಕೊಂದು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದೆವು. ಆಮೇಲೆ ಮೊಬೈಲ್ ಕವರ್ ಬಿಚ್ಚಿ ಕಾಕಾ ಬರೆದ ಚೀಟಿ ತೆಗೆದೆ. ಅವನು ಅದರ ಫೋಟೋ ಹೊಡೆದುಕೊಂಡ. 35, 28, 29, 30, 27.

"ನಂದೂ ಎಂಎಚ್ ಪಾಸಿಂಗ್ ಡಬ್ಬಿನ ಅಣ್ಣಾ" ಅಂದ.